ರಾಬಿಯಾಬಿಯವರ ಅಂಗಳದ ಖೋಲಿ

ಬೀದರದ ಸಾಲೆಯಲ್ಲಿ ಮೊದಲ ದಿನ ನಾನು ಹಾಜರಿ ಕರೆದಾಗ ಶರಣಮ್ಮ, ನೀಲಮ್ಮ, ಗುರಮ್ಮ ಎಲ್ಲರೂ ಎದ್ದು ನಿಂತು, "ಹಾಜಿರ್ ಜನಾಬ್" ಎಂದರು. ಅಚ್ಚಕನ್ನಡದ ಹೆಸರು, ಉರ್ದು ಉತ್ತರ. ನಿಜಾಮರ ಕಾಲದಲ್ಲಿ ಅವರು ಕಲಿತದ್ದೇ ಆ ಭಾಷೆ. ನಿಜಾಮರ ಆಳ್ವಿಕೆ ಕೊನೆಗೊಳಿಸಿದ ಪೊಲೀಸ್ ಕಾರ್ಯಾಚರಣೆಯ ನಂತರ ಕನ್ನಡ ವರ್ಗಗಳು ಶುರುವಾಗಿ, ಕಲಿಸುವವರು ಬೇಕಾಗಿದ್ದರು. ಧಾರವಾಡದಲ್ಲಿ ಆಗಷ್ಟೇ ಕಾಲೇಜು ಮುಗಿಸಿದ ವಿಧವೆ ನಾನು, ಐದು ವರ್ಷದ ಮಗಳು ಗಿರಿಜೆಯನ್ನು ಕರೆದುಕೊಂಡು ಬಂದಿದ್ದೆ.

ಕೆಲಸ ಸಿಕ್ಕಷ್ಟು ಸುಲಭವಾಗಿ ಮನೆ ಸಿಗಲಿಲ್ಲ. ಎಲ್ಲರೂ ಮೊದಲು ಯಜಮಾನರೆಲ್ಲಿ ಎಂದು ಕೇಳುತ್ತಿದ್ದರು. ಇಲ್ಲವೆಂದರೆ ಖೋಲಿ, ಅಂದರೆ ಕೋಣೆ, ಖಾಲಿ ಇರುತ್ತಿರಲಿಲ್ಲ. ಏನೂ ಕೇಳದೆ ಬಾಗಿಲು ತೆರೆದವರು ರಾಬಿಯಾಬಿ. ಆ ಕಾರ್ಯಾಚರಣೆಯ ಗದ್ದಲದ ದಿನಗಳಲ್ಲಿ ಬಟ್ಟೆ ಮಾರಲು ಭಾಲ್ಕಿಗೆ ಹೋದ ಅವರ ಗಂಡ ತಿರುಗಿ ಬಂದಿರಲಿಲ್ಲ. ಅದನ್ನು ಒಮ್ಮೆ ಹೇಳಿದರು, ಮತ್ತೆಂದೂ ಎತ್ತಲಿಲ್ಲ. ನನ್ನ ಕೊರಳ ಲಿಂಗದ ಕರಡಿಗೆ ನೋಡಿ, ಒಲೆ ಬೇರೆ ಇರಲಿ, ಬಾವಿ ಒಂದೇ ಇರಲಿ ಎಂದರು. ಧಾರವಾಡದ ಜಿಟಿಜಿಟಿ ಮಳೆಗೆ ಒಗ್ಗಿದ ಮೈ ಇಲ್ಲಿಯ ಬಿಸಿಲಿಗೆ ಬೇಯುತ್ತಿತ್ತು; ಆ ಬಾವಿಯ ನೀರೇ ಸಮಾಧಾನ. ಗಿರಿಜೆ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯತೊಡಗಿದಳು.

ಸುದ್ದಿ ಧಾರವಾಡ ಮುಟ್ಟಿತು. ದೀಪಾವಳಿಗೆ ಮುಂಚೆ ಮಾವನವರು ಬಂದು ಅಂಗಳದಲ್ಲೇ ನಿಂತರು. ಗಿರಿಜೆ ನಮ್ಮ ಮನೆತನದ ಹುಡುಗಿ, ಇಂಥಲ್ಲಿ ಬೆಳೆಯುವುದು ಬೇಡ, ಕರೆದೊಯ್ಯುತ್ತೇನೆ ಎಂದರು. ರಾಬಿಯಾಬಿ ನನ್ನನ್ನು ಪರದೆಯ ಹಿಂದಕ್ಕೆ ಕರೆದರು.

"ನನ್ನ ಸಲುವಾಗಿ ಕೂಸಿನ್ನ ಕಳಕೋಬ್ಯಾಡ್ರಿ ಬಾಯಿ. ಬ್ಯಾರೆ ಖೋಲಿ ನೋಡ್ಕೋರಿ. ನಾ ಬ್ಯಾಸರ ಮಾಡ್ಕೊಳ್ಳಂಗಿಲ್ಲ."

ಆ ಮಾತು ಕೇಳಿದ ಮೇಲೆ ನನ್ನ ಅಂಜಿಕೆ ಹೋಯಿತು. ಹೊರಗೆ ಬಂದೆ.

"ಯಾರೂ ಬಾಗಲಾ ತಗೀಲಿಲ್ರಿ ಮಾವಾರ, ಇವ್ರು ತಗದ್ರು. ನಾ ಇಲ್ಲೇ ಇರ್ತೇನಿ. ನನ್ನ ಮಗಳು ನನ್ನ ಕೂಡೇ ಇರ್ತಾಳ."

ಅವರಿಗೆ ನಾನು ಎದುರು ಮಾತಾಡಿದ್ದು ಅದೇ ಮೊದಲು. ಬಹಳ ಹೊತ್ತು ಮೊಮ್ಮಗಳ ತಲೆ ಸವರುತ್ತಾ ನಿಂತರು. ಸಾಲೆಯ ಸೂಟಿಗಾದರೂ ಕರೆದುಕೊಂಡು ಬಾ ಎಂದಷ್ಟೇ ಹೇಳಿ ಹೊರಟರು.

ಬೇಸಿಗೆಯ ಸೂಟಿಗೆ ಹೋದೆವು. ಬೀದರದಲ್ಲಿ ಎಲ್ಲರೂ ನನ್ನನ್ನು ಧಾರವಾಡದ ಬಾಯಿ ಎನ್ನುತ್ತಿದ್ದರು. ಧಾರವಾಡದಲ್ಲಿ ಓಣಿಯವರೆಲ್ಲ ಬೀದರದಾಕಿ ಬಂದಳು ಎಂದರು. ತವರಿನ ಕಟ್ಟೆಯ ಮೇಲೆ ಅವ್ವ ನನ್ನ ತಲೆ ಬಾಚುತ್ತಿದ್ದಾಗ ಗಿರಿಜೆ ಓಡಿ ಬಂದು ನನ್ನನ್ನು ಕೇಳಿದಳು: "ಅವ್ವಾ, ನಾವು ಮನಿಗೆ ಯಾವಾಗ ಹೋಗೂದು?"

ನನ್ನ ಕೂದಲಲ್ಲಿ ಅವ್ವನ ಕೈ ನಿಂತಿತು. "ಬರೋ ಸೋಮಾರ," ಎಂದೆ, ಹಿಂದೆ ತಿರುಗಿ ನೋಡದೆ.