ಕೊನೆಯ ಹತ್ತು ನಿಮಿಷದ ಕನ್ನಿಯಮ್ಮಾಳ್

ಶುಕ್ರವಾರ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ತಮಿಳುನಾಡಿನ ಉಡುಮಲೈಪೇಟೆಯ ಬಸ್ ನಿಲ್ದಾಣದ ಹಿಂದಿರುವ ಎರಡು ತೆರೆಯ ಚಿತ್ರಮಂದಿರದ ಮುಂದೆ ಅಭಿಮಾನಿಗಳು ಆಗಲೇ ಜಮಾಯಿಸಿದ್ದಾರೆ. ನಾಯಕನ ಕಟೌಟಿಗೆ ಹಾರ ಏರಿಸಲು ಏಣಿ ಹುಡುಕುತ್ತಿದ್ದಾರೆ, ಹಾಲಿನ ಕ್ಯಾನು ಬಂದಿದೆ, ಡೋಲಿನವರು ಕೈ ಬಿಸಿ ಮಾಡಿಕೊಳ್ಳುತ್ತಿದ್ದಾರೆ. ಒಳಗೆ, ದೊಡ್ಡ ಹಾಲಿನಲ್ಲಿ, ಒಂದೇ ಒಂದು ಟ್ಯೂಬ್‌ಲೈಟ್ ಉರಿಯುತ್ತಿದೆ. ಅದರ ಬೆಳಕಿನಲ್ಲಿ ಕನ್ನಿಯಮ್ಮಾಳ್ ಸೀಟುಗಳ ಸಾಲಿನ ನಡುವೆ ಬಗ್ಗಿ ಹಿಂದಿನ ಆಟದವರು ಬಿಟ್ಟುಹೋದ ಕಸವನ್ನು ಪೊರಕೆಯ ತುದಿಯಿಂದ ಎಳೆದು ಗುಡ್ಡೆ ಹಾಕುತ್ತಿದ್ದಾರೆ. ಕಡಲೆಕಾಯಿ ಸಿಪ್ಪೆ, ನೀರಿನ ಬಾಟಲಿ, ಯಾವುದೋ ಮಗುವಿನ ಒಂದು ಕಾಲಿನ ಸಾಕ್ಸು, ಖಾಲಿ ಪಾಪ್‌ಕಾರ್ನ್ ಡಬ್ಬಿಗಳು.

ಡಬ್ಬಿಯೊಂದನ್ನು ತಲೆಕೆಳಗು ಮಾಡಿ ತೋರಿಸುತ್ತಾರೆ. "ನೋಡಿ, ಒಂದು ಕಾಳು ಬಿಟ್ಟಿಲ್ಲ. ಪಡ, ಅದೇ ಸಿನಿಮಾ, ಸುಮಾರು ಅಂತ ಅರ್ಥ. ಪಡ ಚೆಂದಾಗಿದ್ರೆ ಕೈ ಬಾಯಿಗೆ ಹೋಗಲ್ಲ, ಅರ್ಧ ಅಲ್ಲೇ ಮಿಕ್ಕಿರ್ತದೆ. ಆವಾಗ ನಮಗೆ ಗುಡಿಸೋ ವೇಲೆ ಜಾಸ್ತಿ."

ಹಾಗಾದರೆ ಹೊರಗೆ ಡೋಲು ಬಡಿಸಿಕೊಳ್ಳುತ್ತಿರುವ ಹೊಸ ಚಿತ್ರ ಹೇಗಿದ್ದೀತು ಎಂದರೆ, ಕನ್ನಿಯಮ್ಮಾಳ್ ಸೆರಗಿನಿಂದ ಮುಖ ಒರೆಸಿಕೊಂಡು ಬಹಳ ಗಂಭೀರವಾಗಿ ಹೇಳುತ್ತಾರೆ: "ಮೊದಲ ಆಟ ಮುಗೀಲಿ. ಕ್ಲೈಮ್ಯಾಕ್ಸ್ ನೋಡದೆ ನಾನು ಏನೂ ಹೇಳಲ್ಲ."

ಇದು ತಮಾಷೆಯ ಮಾತಲ್ಲ. ಹದಿನೈದು ವರ್ಷಗಳಿಂದ ಈ ಚಿತ್ರಮಂದಿರ ಗುಡಿಸುತ್ತಿರುವ ಕನ್ನಿಯಮ್ಮಾಳ್ ಇಲ್ಲಿ ಬಂದ ಎಲ್ಲ ಚಿತ್ರಗಳನ್ನೂ ನೋಡಿದ್ದಾರೆ. ಆದರೆ ಕೊನೆಯ ಹತ್ತು ನಿಮಿಷ ಮಾತ್ರ. ಚಿತ್ರ ಮುಗಿಯುವ ಹೊತ್ತಾದಾಗ ಪ್ರೊಜೆಕ್ಟರ್ ಕೋಣೆಯಿಂದ ಲೋಗನಾಥನ್ ಒಂದು ಬೆಲ್ ಒತ್ತುತ್ತಾರೆ. ಕನ್ನಿಯಮ್ಮಾಳ್ ಮತ್ತು ಜೊತೆಗಾತಿ ಸಾಂತಿ ಪೊರಕೆ ಹಿಡಿದು ಹಿಂದಿನ ಬಾಗಿಲಿನಿಂದ ಒಳಗೆ ಬಂದು ಕೊನೆಯ ಸಾಲಿನ ಹಿಂದೆ ನಿಲ್ಲುತ್ತಾರೆ. ಲೈಟು ಬಂದು ಜನ ಎದ್ದ ಕೂಡಲೇ ಕೆಲಸ ಶುರು. ಮುಂದಿನ ಆಟದವರು ಒಳಗೆ ಬರುವಷ್ಟರಲ್ಲಿ ಸಾಲುಗಳು ಚೊಕ್ಕಟವಾಗಿರಬೇಕು. ಮುಂದಿನ ಚಿತ್ರ ಶುರುವಾಗುವ ಹೊತ್ತಿಗೆ ಇವರಿಬ್ಬರೂ ಶೌಚಾಲಯದಲ್ಲೋ ಮೆಟ್ಟಿಲ ಮೇಲೋ ಇರುತ್ತಾರೆ. ದಿನಕ್ಕೆ ನಾಲ್ಕು ಆಟ, ಎರಡು ತೆರೆ, ಮತ್ತೆ ಬೆಲ್ಲು.

ಮನೆಯಲ್ಲಿ ಟೀವಿ ಇಲ್ಲವೇ ಎಂದರೆ ಇದೆ. "ಟೀವೀಲಿ ಪಡ ಹಾಕ್ತಾರೆ. ಹೆಸರು ಓಡೋ ಅಷ್ಟರಲ್ಲಿ ನಂಗೆ ನಿದ್ದೆ. ಎದ್ದು ನೋಡಿದ್ರೆ ಅಲ್ಲೂ ಕ್ಲೈಮ್ಯಾಕ್ಸೇ."

ಹೀಗಾಗಿ ಕನ್ನಿಯಮ್ಮಾಳ್ ವಿಮರ್ಶೆಗೆ ಒಂದು ಬೇರೆಯೇ ಖದರು. ಕಳೆದ ತಿಂಗಳ ಭಾರೀ ಬಜೆಟ್ಟಿನ ಚಿತ್ರದ ಬಗ್ಗೆ ಕೇಳಿದರೆ, "ವಿಲ್ಲನ್ನು ಮೂರು ಸಲ ಸಾಯ್ತಾನೆ. ಎರಡನೇ ಸಲಾನೇ ಜನ ಚಪ್ಪಲಿ ಹುಡುಕ್ತಿದ್ರು," ಎಂದು ಮೂಗು ಮುರಿಯುತ್ತಾರೆ. ಆ ಚಿತ್ರ ಎರಡೇ ವಾರದಲ್ಲಿ ತೋಪೆದ್ದು ಹೋಯಿತು. ದೆವ್ವದ ಚಿತ್ರ ಮಾತ್ರ ಇಷ್ಟ, ಯಾಕೆಂದರೆ ಹೆದರಿದವರು ಕಾಲು ಮೇಲಿಟ್ಟುಕೊಂಡು ಕೂರುತ್ತಾರೆ, ನೆಲ ಗಲೀಜಾಗುವುದಿಲ್ಲ. ರೈಲ್ವೆ ಸ್ಟೇಷನ್ನಿನಲ್ಲಿ ಮುಗಿಯುವ ಒಂದು ಪ್ರೇಮಕಥೆಗೆ ದಿನಾ ನಾಲ್ಕು ಸಲ ಕಣ್ಣೊರೆಸಿಕೊಂಡಿದ್ದಾರಂತೆ. "ಹುಡುಗ ಹುಡುಗಿ ಯಾಕೆ ಪಿರಿದು ದೂರ ಆದ್ರು ಅಂತ ಇವತ್ತಿಗೂ ಗೊತ್ತಿಲ್ಲ. ಆದ್ರೆ ಪಾವಂ, ರೊಂಬ ಚೆಂದಾಗಿ ಅಳ್ತಾರೆ."

ಕನ್ನಿಯಮ್ಮಾಳ್ ಅವರದು ತಲೆತಲಾಂತರದಿಂದ ಈ ಸೀಮೆಯಲ್ಲಿ ನೆಲೆನಿಂತ ಕನ್ನಡ ಮನೆಮಾತಿನ ಬೇಸಾಯಗಾರರ ಕುಟುಂಬ. ಹೊರಗೆಲ್ಲ ತಮಿಳು, ಒಲೆಯ ಮುಂದೆ ಕನ್ನಡ. ಈ ಬರಹ ಕನ್ನಡ ಪತ್ರಿಕೆಯಲ್ಲಿ ಬರುತ್ತದೆ ಎಂದಾಗ ನಕ್ಕುಬಿಟ್ಟರು. "ನಮಗೆ ಮಾತು ಬರ್ತದೆ, ಓದೋ ಎಳುತ್ತು ಬರಲ್ಲ. ಫೋಟೋ ಹಾಕಿದ್ರೆ ಗುರುತು ಹಿಡೀತೀನಿ." ಗಂಡ ಮಾಯಣ್ಣ ಬಸ್ ನಿಲ್ದಾಣದ ಎದುರು ಎಳನೀರು ಮಾರುತ್ತಾರೆ. ಮಗ ಸೆಂದಿಲ್ ತೆಂಗಿನ ನಾರಿನ ಕಾರ್ಖಾನೆಯ ಲಾರಿ ಓಡಿಸುತ್ತಾನೆ.

ಸೊಸೆಯ ವಿಷಯ ಬಂದಾಗ ಪೊರಕೆ ಒಂದು ಕ್ಷಣ ನಿಲ್ಲುತ್ತದೆ. ಹೋದ ವರ್ಷ ಒಂದು ಸಂಜೆ ಸಾಂತಿಗೆ ಕೆಲಸ ಒಪ್ಪಿಸಿ ಬೇಗ ಮನೆಗೆ ಹೋದಾಗ, ಸೊಸೆ ನಿವೇತಾ ಒಂದು ಕೈಯಲ್ಲಿ ಬ್ಯಾಗು, ಇನ್ನೊಂದು ಕೈಯಲ್ಲಿ ಮಗಳು ಇಲಕ್ಕಿಯಾಳನ್ನು ಹಿಡಿದು ಗೇಟು ದಾಟುತ್ತಿದ್ದಳು. ಕರೆದರೂ ತಿರುಗಿ ನೋಡಲಿಲ್ಲ. ಈಗ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಹೊಲಿಗೆ ಮಾಡುತ್ತಾಳೆ. ಮೊಮ್ಮಗಳು ತಾತನಿಗೆ ಆಗಾಗ ಫೋನು ಮಾಡುತ್ತಾಳೆ, ಅಜ್ಜಿಗಿಲ್ಲ. ಯಾಕೆಂದರೆ ಅಜ್ಜಿ ಅಂದೇ ತೀರ್ಪು ಕೊಟ್ಟಾಗಿತ್ತು. ಕಟ್ಟಿಕೊಂಡ ಗಂಡನನ್ನು ಬಿಟ್ಟು, ಕರೆದ ಅತ್ತೆಗೆ ಬೆನ್ನು ಹಾಕಿ ಹೋದವಳು ಅವಳು ಎಂದು ಬೀದಿಯಲ್ಲೆಲ್ಲ ಹೇಳಿದ್ದರು. ಆ ಮಗುವಿನ ಮುಖ ನೋಡದೆ ವರ್ಷವಾಯಿತು ಎನ್ನುವಾಗ ಮಾತ್ರ ದನಿ ಸಣ್ಣಗಾಗುತ್ತದೆ.

ಸಿನಿಮಾ ಪ್ರಶಸ್ತಿಗಳ, ಇಲ್ಲಿನವರ ಮಾತಿನಲ್ಲಿ 'ವಿರುದು'ಗಳ, ಕಾಲ ಬಂತೆಂದರೆ ಚಿತ್ರಮಂದಿರದ ಕ್ಯಾಂಟೀನಿಗೆ ಕಳೆ ಬರುತ್ತದೆ. ಸರ್ಕಾರದ ಪ್ರಶಸ್ತಿ, ಟೀವಿಯವರ ಪ್ರಶಸ್ತಿ, ಯಾವುದಕ್ಕೆ ಯಾರು ಎಂದು ಕೆಲಸಗಾರರು ಪಂಥ ಕಟ್ಟುತ್ತಾರೆ. ಗೆದ್ದವರಿಗೆ ಕ್ಯಾಂಟೀನಿನ ಸುಬ್ಬಯ್ಯನ್ ಕಡೆಯಿಂದ ವಡೆ ಮತ್ತು ಟೀ. ಈ ವರ್ಷದ ಜಗಳ 'ಕೊಡಿಕ್ಕಯಿರು' ಎಂಬ ಚಿಕ್ಕ ಚಿತ್ರದ ಮೇಲೆ. ಬಟ್ಟೆ ಒಣಗಿಸುವ ಹಗ್ಗ ಎಂದು ಅದರ ಅರ್ಥ. ದೊಡ್ಡ ತಾರೆಯರಿಲ್ಲ, ಹೊಡೆದಾಟವಿಲ್ಲ, ಜನವೂ ಅಷ್ಟಕ್ಕಷ್ಟೆ. ಕೊನೆಯ ದೃಶ್ಯದಲ್ಲಿ ಒಬ್ಬ ಮುದುಕಿ ಮಳೆಯಲ್ಲಿ ನೆನೆಯುತ್ತ ಸೊಸೆಯ ಮನೆಗೆ ಬರುತ್ತಾಳೆ. ಸೊಸೆ ಒಂದು ಮಾತೂ ಆಡದೆ ಬಾಗಿಲು ಹಾಕುತ್ತಾಳೆ. ಮುದುಕಿ ಹಗ್ಗದ ಮೇಲೆ ನೆನೆಯುತ್ತಿರುವ ಸೊಸೆಯ ಬಟ್ಟೆಗಳನ್ನು ಒಂದೊಂದಾಗಿ ತೆಗೆದು, ಹಿಂಡಿ, ಜಗಲಿಯ ಮೇಲೆ ಮಡಿಸಿಡುತ್ತಾಳೆ. ಅಷ್ಟೇ, ಹೆಸರುಗಳು ಓಡುತ್ತವೆ.

ಕನ್ನಿಯಮ್ಮಾಳ್ ಪ್ರತಿ ಆಟಕ್ಕೂ ಅತ್ತರು. ಪ್ರತಿ ಆಟಕ್ಕೂ ಆ ಸೊಸೆಗೆ ಶಾಪ ಹಾಕಿದರು. ಕ್ಯಾಂಟೀನಿನಲ್ಲಿ, "ವಿರುದು ಆ ಮುದುಕಿ ವೇಷದವಳಿಗೇ. ಬೇರೆ ಯಾರಿಗಾದ್ರೂ ಕೊಟ್ರೆ ಸಾಮಿ ಕಣ್ಣಿಗೆ ಚುಚ್ತದೆ," ಎಂದು ಪಟ್ಟು ಹಿಡಿದರು.

ಲೋಗನಾಥನ್ ನೆಗಮಂ ಊರಿನ ನೇಕಾರರ ಮನೆಯವರು. ಅವರ ಮನೆಮಾತೂ ಕನ್ನಡವೇ, ಹಾಗಾಗಿ ಇಬ್ಬರೂ ಉಳಿದವರಿಗೆ ಅರ್ಥವಾಗದಂತೆ ಕಾಲೆಳೆದುಕೊಳ್ಳುವುದು ದಿನದ ರೂಢಿ. ಅಂದು ಮಾತ್ರ ಲೋಗನಾಥನ್ ಟೀ ಲೋಟ ಕೆಳಗಿಟ್ಟು ಎಲ್ಲರಿಗೂ ತಿಳಿಯುವಂತೆ ತಮಿಳಿನಲ್ಲೇ ಹೇಳಿದರು: "ಅಕ್ಕಾ, ನೀನು ಪಡ ನೋಡಿದೀಯಾ? ಸಾವಿನ ಮನೆಗೆ ಹೂ ಹಾಕೋಕೆ ಬಂದವಳು ಸತ್ತವನ ಗುಣ ಅಳೆದಂಗಿದೆ ನಿನ್ನ ಮಾತು. ಆ ಸೊಸೆ ಪಟ್ಟಿದ್ದು ನೀನು ಕಂಡೆಯಾ?"

ಎಲ್ಲರೂ ನಕ್ಕರು. ಕನ್ನಿಯಮ್ಮಾಳ್ ಅವರಿಗೆ ಮಾತು ಚುರ್ರೆಂದು ತಾಗಿತು. ಟೀ ಅರ್ಧಕ್ಕೇ ಬಿಟ್ಟು ಎದ್ದು ಹೋದರು. "ಹದಿನೈದು ವರ್ಷ ಈ ನೆಲ ಉಜ್ಜಿದೀನಿ. ಒಂದು ಪಡದ ಬಗ್ಗೆ ಬಾಯಿ ಬಿಡೋಕೆ ನಂಗೆ ಹಕ್ಕಿಲ್ವಾ?" ಎಂದು ಸಾಂತಿಯ ಮುಂದೆ ಗೊಣಗಿದರಂತೆ. ಗುರುವಾರಕ್ಕೆ ಚಿತ್ರ ಎತ್ತುತ್ತಾರೆ ಎಂದು ತಿಳಿದಾಗ ಬುಧವಾರ ಮಧ್ಯಾಹ್ನದ ಆಟಕ್ಕೆ ಟಿಕೆಟು ಕೊಂಡರು. ಕೆಲಸದವರಿಗೇಕೆ ಟಿಕೆಟು ಎಂದು ಮ್ಯಾನೇಜರ್ ನಂದಕುಮಾರ್ ನಕ್ಕರೂ ಕೇಳಲಿಲ್ಲ. ಟಿಕೆಟು ಕೈಯಲ್ಲಿದ್ದರೆ ಯಾರೂ ಎಬ್ಬಿಸುವ ಹಾಗಿಲ್ಲ ಎಂಬುದು ಅವರ ವಾದ.

ಖಾಲಿ ಹಾಲಿನಲ್ಲಿ ಕೊನೆಯ ಸಾಲಿನ ಮೂಲೆ ಹಿಡಿದು, ತಾವೇ ಒರೆಸಿದ ನೆಲಕ್ಕೆ ಚಪ್ಪಲಿಯ ಕೊಳೆ ತಾಗದಿರಲೆಂದು ಕಾಲು ಎತ್ತಿಟ್ಟುಕೊಂಡು ಕೂತರು. ಚಿತ್ರ ಶುರುವಾಯಿತು. ತಾವು ದಿನಾ ಯಾರಿಗಾಗಿ ಅತ್ತರೋ ಆ ಮುದುಕಿ ಇಲ್ಲಿ ಇನ್ನೂ ಗಟ್ಟಿ ಹೆಂಗಸು, ಕೈತುಂಬ ಬಳೆ. ಒಳಕೋಣೆಯಲ್ಲಿ ಮಗ ಹೆಂಡತಿಗೆ ಹೊಡೆಯುತ್ತಾನೆ. ಜಗಲಿಯಲ್ಲಿ ಕೂತ ತಾಯಿ ಅದನ್ನು ಕೇಳಿಸಿಕೊಳ್ಳುತ್ತಾಳೆ, ಕೈ ಚಾಚಿ ಟೀವಿಯ ಸೌಂಡು ಜೋರು ಮಾಡುತ್ತಾಳೆ. ಒಂದು ಸಲವಲ್ಲ, ಮತ್ತೆ ಮತ್ತೆ.

ಪೊರಕೆಯ ಕಟ್ಟು ಬಿಗಿ ಮಾಡುತ್ತ ಕನ್ನಿಯಮ್ಮಾಳ್ ಹೇಳುತ್ತಾರೆ: "ನಾನು ಸೌಂಡು ಏರಿಸಿದವಳಲ್ಲ. ನಾನು ಮನೇಲೇ ಇರ್ತಿರಲಿಲ್ಲವಲ್ಲ, ಇಲ್ಲಿರ್ತಿದ್ದೆ. ಆದ್ರೆ ಏನಾಯ್ತು ಅಂತ ಆ ಹುಡುಗೀನ ಒಂದು ದಿನ ಕೇಳಲೂ ಇಲ್ಲ."

ಕೊನೆಯಲ್ಲಿ ಬೆಲ್ಲು ಬಡಿಯಿತು. ಅಭ್ಯಾಸಬಲದಿಂದ ಕನ್ನಿಯಮ್ಮಾಳ್ ತಟಕ್ಕನೆ ಎದ್ದುನಿಂತರು. ಪೊರಕೆ ಹಿಡಿದು ಒಳಗೆ ಬಂದ ಸಾಂತಿ ಅವರ ಭುಜ ಒತ್ತಿ ಕೂರಿಸಿದಳು. ತೆರೆಯ ಮೇಲೆ ಮಳೆ, ಮುದುಕಿ, ಬಾಗಿಲು. ಅದೇ ದೃಶ್ಯ, ಅದೇ ಅಳು. ಆದರೆ ಈ ಸಲ ಅಳು ಬಂದದ್ದು ಬಾಗಿಲ ಒಳಗಿರುವವಳಿಗಾಗಿ.

ಹೊರಗೆ ಬಂದವರು ಕ್ಯಾಂಟೀನಿನ ಕಡೆ ತಲೆ ಹಾಕಲಿಲ್ಲ. ಮೆಟ್ಟಿಲ ಕೆಳಗೆ ಕೂತು, ಗಂಡನಿಂದ ನಂಬರು ಕೇಳಿ, ತಿರುಪ್ಪೂರಿಗೆ ಫೋನು ಮಾಡಿದರು. ಅತ್ತ ಕಡೆ ಹೊಲಿಗೆ ಯಂತ್ರಗಳ ಸದ್ದು. ಅತ್ತೆಯ ದನಿ ಕೇಳಿ ನಿವೇತಾ ಗಾಬರಿಯಾದಳು. "ಮಾವನಿಗೆ ಏನಾದ್ರೂ ಆಯ್ತಾ?"

"ಯಾರಿಗೂ ಏನೂ ಆಗಿಲ್ಲ ಕಣ್ಣು. ಆವತ್ತು ನೀನು ಹೋಗೋದು ಮಾತ್ರ ನಾನು ನೋಡಿದೆ. ಅದಕ್ಕೆ ಮುಂಚೆ ಏನಾಯ್ತು, ಮೊದಲಿಂದ ಹೇಳು."

ಯಂತ್ರಗಳ ಸದ್ದು ದೂರವಾಯಿತು, ನಿವೇತಾ ಎದ್ದು ಹೊರಗೆ ಬಂದಿದ್ದಳು. "ಫೋನಲ್ಲಿ ಆಗಲ್ಲ ಅತ್ತೆ. ರೊಂಬ ಹೊತ್ತು ಆಗ್ತದೆ. ನನಗೆ ಭಾನುವಾರ ಮಾತ್ರ ಲೀವು. ಬನ್ನಿ. ಪಾಪಾ ನಿಮ್ಮನ್ನ ಕೇಳ್ತಿರ್ತಾಳೆ."

ಮಗನಿಗೆ ಹೇಳಿದಿರಾ ಎಂದರೆ, "ಹೇಳಿದೆ. ತಟ್ಟೆ ಬಿಟ್ಟು ಎದ್ದು ಹೋದ. ಅದೂ ಒಂದು ಉತ್ತರಾನೇ ಅಲ್ವಾ?" ಎನ್ನುವಾಗ ಅವರ ಕಣ್ಣು ಪೊರಕೆಯ ಮೇಲಿದೆ.

ನಿನ್ನೆ ಕ್ಯಾಂಟೀನಿನಲ್ಲಿ ತಾವಾಗಿಯೇ ಪಂಥ ಬದಲಾಯಿಸಿದರು. ಮುದುಕಿ ಬೇಡ, ವಿರುದು ಸೊಸೆ ಪಾತ್ರದವಳಿಗೆ. ಲೋಗನಾಥನ್ ಸೋಲೊಪ್ಪಿಸಿದ ಖುಷಿಯಲ್ಲಿ ಚಪ್ಪಾಳೆ ತಟ್ಟಿದರು. ಕನ್ನಿಯಮ್ಮಾಳ್ ಮುನಿಸಿಕೊಳ್ಳಲಿಲ್ಲ. "ಕೊನೇಲಿ ಅವಳು ಒಂದು ಮಾತೂ ಆಡಲ್ಲ. ಶುರುವಿಂದ ಕೂತ್ಕೊಂಡಿದ್ದಕ್ಕೆ ಅವಳು ಏನು ಹೇಳ್ತಾಳೆ ಅಂತ ನಂಗೆ ಕೇಳಿಸ್ತು," ಎಂದರು. ಸುಬ್ಬಯ್ಯನ್ ಪಂಥ ಬದಲಾಯಿಸಿದವರಿಗೆ ವಡೆ ಇಲ್ಲ ಎಂದಿದ್ದಾರೆ.

ಈಗ ಇರುವುದು ಭಾನುವಾರದ ಸಮಸ್ಯೆ. ಚಿತ್ರಮಂದಿರದಲ್ಲಿ ಭಾನುವಾರ ರಜೆ ಎಂಬುದೇ ಇಲ್ಲ. ಅದರಲ್ಲೂ ಇಂದು ಬಿಡುಗಡೆಯಾಗುತ್ತಿರುವುದು ದೊಡ್ಡ ನಾಯಕನ ಚಿತ್ರ, ಎರಡೂ ತೆರೆಯಲ್ಲಿ ಎಲ್ಲ ಆಟಗಳೂ ಹೌಸ್‌ಫುಲ್. ಗುಡಿಸಿ ಮುಗಿಸಿ, ಕೈ ತೊಳೆದು, ಸೀರೆ ಸರಿಪಡಿಸಿಕೊಂಡು ಕನ್ನಿಯಮ್ಮಾಳ್ ಮ್ಯಾನೇಜರ್ ಕೋಣೆಯ ಬಾಗಿಲಲ್ಲಿ ನಿಲ್ಲುತ್ತಾರೆ. ಹೊರಗೆ ಪಟಾಕಿ ಸಿಡಿಯುತ್ತಿದೆ. ನಂದಕುಮಾರ್ ಕೇಳಿದ್ದನ್ನು ನಂಬಲಾಗದವರಂತೆ ನೋಡುತ್ತಾರೆ.

"ಮೊದಲ ಭಾನುವಾರ! ನಿಮಗೆ ಬುದ್ಧಿ ಇದೆಯಾ ಅಮ್ಮಾ?"

"ಹದಿನೈದು ವರ್ಷದಲ್ಲಿ ಒಂದೇ ಒಂದು ರಜೆ ಸಾರ್."

ಹಿಂದಿನಿಂದ ಲೋಗನಾಥನ್ ಬಾಯಿ ಹಾಕುತ್ತಾರೆ. ಭಾನುವಾರ ತಾನೇ ಕೆಳಗಿಳಿದು ಸಾಂತಿಯ ಜೊತೆ ಪೊರಕೆ ಹಿಡಿಯುತ್ತೇನೆ ಎಂಬುದು ಅವರ ಮಾತು. "ನೀನು ಗುಡಿಸಿದ್ರೆ ಸೋಮವಾರ ನಾನು ಮತ್ತೆ ಗುಡಿಸಬೇಕು," ಎಂದು ಕನ್ನಿಯಮ್ಮಾಳ್ ಕನ್ನಡದಲ್ಲಿ ಗದರುತ್ತಾರೆ. ಆದರೆ ಅವರ ಕಣ್ಣು ತುಂಬಿದೆ. ಅದು ಕನ್ನಡ ಬಾರದ ನಂದಕುಮಾರ್ ಅವರಿಗೂ ಕಾಣುತ್ತದೆ. ನಿಟ್ಟುಸಿರು ಬಿಟ್ಟು ಕೈಯಾಡಿಸಿ ಒಪ್ಪಿಗೆ ಕೊಡುತ್ತಾರೆ.

"ಸರಿ, ಹೋಗಿ ಬನ್ನಿ. ಕೊನೆ ಆಟದ ಕ್ಲೈಮ್ಯಾಕ್ಸಿಗಾದರೂ ಬಂದುಬಿಡ್ತೀರಲ್ಲ?"

ಕನ್ನಿಯಮ್ಮಾಳ್ ಬಾಗಿಲು ದಾಟಿದವರು ತಿರುಗಿ ನಿಲ್ಲುತ್ತಾರೆ.

"ಆಗಲ್ಲ ಸಾರ್. ಈ ಸಲ ಮೊದಲಿಂದ ಕೇಳೋಕೆ ಹೋಗ್ತಿದೀನಿ. ಎಷ್ಟೊತ್ತಿಗೆ ಮುಗೀತದೋ ನಂಗೆ ಗೊತ್ತಿಲ್ಲ."