ಬಸಗೊಂಡಪ್ಪನ ಟೊಂಕ ಮತ್ತು ಬೀಗರ ಜಮಖಾನೆ

ತಿಕೋಟಾದ ಬಸಗೊಂಡಪ್ಪ ಜಮಖಾನೆಯ ನಡುವೆ ಚಕ್ಕಳಮಕ್ಕಳ ಹಾಕಿ ಕೂಡದೆ ಸುತ್ತಲಿನ ಯಾವ ಊರಲ್ಲೂ ಮದುವೆ ಕುದುರುವುದಿಲ್ಲವೆಂದು ಗಟ್ಟಿಯಾಗಿ ನಂಬಿದ್ದ ಒಬ್ಬ ಮನುಷ್ಯನಿದ್ದ. ಅವನು ಬಸಗೊಂಡಪ್ಪನೇ.

ಎಪ್ಪತ್ತೊಂದನೆಯ ಇಸವಿಯಲ್ಲಿ ಮಿರಜದ ಡಾಕ್ಟರೊಬ್ಬರು ಅವನ ಟೊಂಕದ ಸವೆದ ಕೀಲು ತೆಗೆದು ಉಕ್ಕಿನ ಗುಂಡು, ಪ್ಲಾಸ್ಟಿಕ್ ಬಟ್ಟಲು ಕೂಡಿಸಿದರು. "ಇನ್ನ ನೆಲದ ಮ್ಯಾಲ ಕೂಡಬ್ಯಾಡ್ರಿ" ಎಂದರು. ಬಸಗೊಂಡಪ್ಪ ತಲೆಯಾಡಿಸಿದ, ಊರಿಗೆ ಬಂದ, ಕೂತ. ಎಲ್ಲರೂ ಕೆಳಗಿರುವಾಗ ತಾನೊಬ್ಬ ಕುರ್ಚಿ ಏರಿದರೆ ಬೀಗರು ಸೊಕ್ಕು ಎನ್ನುವುದಿಲ್ಲವೆ? ಏಳು ವರ್ಷ ಊರವರ ಮದುವೆಗಳು ಗಟ್ಟಿಯಾದವು, ಇವನ ಬಟ್ಟಲು ಸಡಿಲಾಯಿತು. ಅಲುಗಾಡಿ ಅಲುಗಾಡಿ ತಾನು ಕೂತ ಕುಳಿಯ ಎಲುಬನ್ನೇ ತಿಂದುಹಾಕಿತು.

ಎರಡನೆಯ ಆಪರೇಷನ್ನಿನಲ್ಲಿ ಅವನದೇ ಟೊಂಕದ ಅಂಚಿನಿಂದ ಎಲುಬು ಕೆತ್ತಿ, ಕುಳಿಗೆ ತುಂಬಿ, ಹೊಸ ಬಟ್ಟಲು ಇಟ್ಟರು. ತುಂಬಿದ ಎಲುಬು ಹತ್ತಿ ಒಂದಾಗುವವರೆಗೆ ಆ ಕಾಲಿನ ಮೇಲೆ ಭಾರ ಬಿಡಬಾರದು. ಮತ್ತೆ ಸಡಿಲಾದರೆ ತುಂಬಲು ಎಲುಬಿಲ್ಲ, ಹಾಸಿಗೆಯೇ ಗತಿ. ಇದನ್ನು ಡಾಕ್ಟರು ಹೆಂಡತಿ ಸಾವಂತ್ರವ್ವನಿಗೆ ಹೇಳಿದರು. ಗಂಡನಿಗೆ ಹೇಳಿ ನೋಡಿದ್ದಾಗಿತ್ತು.

"ಇಷ್ಟೊತ್ತಿಗೆ ಹತ್ತಿರಬೇಕು" ಎಂದು ಬಸಗೊಂಡಪ್ಪ ದಿನಾ ಬೆಳಿಗ್ಗೆ ಕಾಲೂರಲು ನೋಡುತ್ತಿದ್ದ.

"ಕಸಿ ಕಟ್ಟಿದ ಗಿಡಾ ದಿನಾ ಅಳ್ಳಾಡಿಸಿ ನೋಡ್ತಾರೇನ್ರಿ?" ಸಾವಂತ್ರವ್ವನಿಗೆ ಸಾಕುಸಾಕಾಗಿತ್ತು.

ಅಷ್ಟರಲ್ಲಿ ಬಬಲೇಶ್ವರದಲ್ಲಿದ್ದ ಅವನ ತಮ್ಮ ಸಿದ್ದರಾಯನ ಮಗಳ ಮದುವೆ ಮಾತುಕತೆ ಬಂತು. ಸಾವಂತ್ರವ್ವ ಬೇಡವೆಂದರೂ ಕೇಳದೆ ಜೀಪಿನಲ್ಲಿ ಹಾಸಿಗೆ ಹಾಸಿಸಿಕೊಂಡು ಹೊರಟ; ಅವಳೂ ಜೊತೆಗೆ ಹತ್ತಿದಳು. ಸಿದ್ದರಾಯ ಅಣ್ಣನಿಗೆಂದು ಎತ್ತರದ ಕುರ್ಚಿ ಇಟ್ಟಿದ್ದ. ಗಂಡಿನ ಅಜ್ಜ ಯಲಗೂರಪ್ಪ ಆಗಲೇ ಜಮಖಾನೆಯ ಮೇಲಿದ್ದರು.

"ಹಿರ್ಯಾರು ಕೆಳಗ, ನಾ ಮ್ಯಾಲ? ಒಂದ ಗಳಿಗಿ ಕೂತ ಏಳ್ತೇನಿ," ಎಂದ ಬಸಗೊಂಡಪ್ಪ.

"ಕುರ್ಚಿ ಮ್ಯಾಲ ಕೂಡ್ರಿ, ನಮಗೇನ ಬ್ಯಾಸರಿಲ್ಲ," ಎಂದರು ಯಲಗೂರಪ್ಪ.

ಬೀಗರು ತನ್ನನ್ನು ಪರೀಕ್ಷಿಸುತ್ತಿದ್ದಾರೆಂದೇ ಬಸಗೊಂಡಪ್ಪ ತಿಳಿದ. ಊರುಗೋಲು ಗೋಡೆಗೊರಗಿಸಿ ಮೊಣಕಾಲು ಮಡಚತೊಡಗಿದ. ಸಾವಂತ್ರವ್ವ ಅಡುಗೆಮನೆಯಿಂದ ದಡದಡ ಬಂದವಳೇ ಅವನಿಗೆಂದು ಬಿಟ್ಟಿದ್ದ ಜಾಗದಲ್ಲಿ ಕೂತುಬಿಟ್ಟಳು.

"ಈಗ ಎಲ್ಲಿ ಕೂಡ್ತೀರಿ, ನನ್ನ ತೊಡಿ ಮ್ಯಾಲೇನು?"

ಯಲಗೂರಪ್ಪ ಎಲೆಯಡಿಕೆ ನೆತ್ತಿಗೇರುವಂತೆ ನಕ್ಕರು. ಬಸಗೊಂಡಪ್ಪನಿಗೆ ಕುರ್ಚಿಯ ಹೊರತು ಜಾಗವಿರಲಿಲ್ಲ. ಅಲ್ಲಿಂದಲೇ ಗಂಟಲು ಸರಿಮಾಡಿಕೊಂಡು ತನ್ನ ಪೀಠಿಕೆ ತೆಗೆಯುವಷ್ಟರಲ್ಲಿ ಸಾವಂತ್ರವ್ವ ಮಾತು ಮುಗಿಸಿ, ಮದುವೆ ಗಟ್ಟಿಯಾಯಿತೆಂದು ಸಕ್ಕರೆ ಹಂಚಿಸಿಯೂ ಆಗಿತ್ತು.

ಮುಂದೆ ವಿಜಾಪುರದಲ್ಲಿ ಎಕ್ಸ್‌ರೇ ತೆಗೆಸಿದಾಗ ಎಲುಬು ಚೆನ್ನಾಗಿ ಹತ್ತಿತ್ತು. ಆದರೆ ಈಗ ಮಾತುಕತೆಗೆ ಕರೆಯಲು ಬಂದವರು ಬಾಗಿಲಲ್ಲೇ, "ಅಕ್ಕಾರ ಅದಾರೇನ್ರಿ?" ಎನ್ನತೊಡಗಿದರು.

"ಅದಾಳ," ಎನ್ನುತ್ತಿದ್ದ ಬಸಗೊಂಡಪ್ಪ ಉರಿದುಕೊಂಡು. ಆಮೇಲೆ ಸ್ವಲ್ಪ ದನಿ ತಗ್ಗಿಸಿ, "ಜೀಪಿನ್ಯಾಗ ಇನ್ನೊಬ್ರಿಗೆ ಜಾಗಾ ಐತೇನು?"