ನಾಯಿ ನಿಂತಲ್ಲಿಗೆ

ನಾಯಿ ಕೊಳ್ಳುವವರು ಮೊದಲು ಹಲ್ಲು ನೋಡುತ್ತಾರೆ, ಎದೆ ನೋಡುತ್ತಾರೆ, ಕಾಲು ಹಿಡಿದು ನೋಡುತ್ತಾರೆ. ನಾನು ಹೇಳುವುದೇನೆಂದರೆ, ಅದನ್ನೆಲ್ಲ ಆಮೇಲೆ ನೋಡಿರಿ. ನಿಮಗೆ ನಾಯಿ ಯಾಕೆ ಬೇಕಾಗಿದೆ ಎಂಬುದನ್ನು ಮಾರುವವನಿಗೆ ಮೊದಲು ಬಾಯಿಬಿಟ್ಟು ಹೇಳಿರಿ. ನಾನು ಇಡೀ ಜೀವನ ಇದಕ್ಕೆ ಉಲ್ಟಾ ನಡೆದು ಮೇಲೆ ಬಂದವನು. ಬೇಕಾದ ಮಾಲಿನ ಕಡೆ ಕಣ್ಣು ಹಾಯಿಸದೆ ಬೇಡವಾದದ್ದನ್ನು ಹೊರಳಿಸಿ ಹೊರಳಿಸಿ ನೋಡುತ್ತ ಕುಳಿತರೆ ರೇಟು ತಾನಾಗಿಯೇ ಇಳಿಯುತ್ತದೆ. ಬನಹಟ್ಟಿಯ ಮಗ್ಗದ ಮನೆಗಳಿಗೆ ನೂಲು ಸುತ್ತಿದ ಕಂಡಿಕೆಯ ಬುಟ್ಟಿ ಹೊತ್ತು ಹಾಕುತ್ತಿದ್ದ ನಾನು ಸ್ವಂತ ಮಗ್ಗ ಕೂಡಿಸಿ, ಸೀರೆ ವ್ಯಾಪಾರಕ್ಕೆ ಇಳಿದದ್ದು ಈ ಒಂದು ವಿದ್ಯೆಯ ಮೇಲೆ. ನಾಯಿಯ ವಿಷಯದಲ್ಲಿ ಅದು ಕೈ ಕೊಟ್ಟಿತು.

ಹೆಂಡತಿಗೆ ಲಕ್ವಾ ಹೊಡೆದದ್ದು ಬೇಸಿಗೆಯ ಕೊನೆಗೆ. ಬಲಗೈ ಪೂರ್ತಿ ಬಿದ್ದಿತು, ಬಲಗಾಲು ಅರ್ಧ. ಮಾತು ಉಳಿಯಿತು. ಜಮಖಂಡಿಯ ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಹುಡುಗಿ ನನ್ನನ್ನು ಹೊರಗೆ ಕರೆದು, ಮೊದಲಿನ ಕೆಲವು ತಿಂಗಳಲ್ಲಿ ಕೈ ಎಷ್ಟು ಹೊಳ್ಳಿ ಬರುತ್ತದೆಯೋ ಅಷ್ಟೇ, ಆಮೇಲೆ ಬರುವುದು ಕಷ್ಟ ಎಂದಳು. ಕೈಯನ್ನು ಸುಮ್ಮನೆ ಮಡಿಲಲ್ಲಿ ಇಟ್ಟು ಕೂಡಿಸಬೇಡಿ, ಮೆತ್ತನೆಯ ಚೆಂಡು ಕೊಟ್ಟು ದಿನವೂ ದೂರಕ್ಕೆ ಒಗೆಯಲು ಹಚ್ಚಿರಿ ಎಂದಳು.

ಮಗ್ಗದ ಕೆಳಗೆ ಬಿದ್ದ ಚಿಂದಿ ನೂಲನ್ನು ಸುತ್ತಿ ನಾನೇ ಚೆಂಡು ಮಾಡಿದೆ. ನಮ್ಮ ಮನೆಯ ಮುಂದೆ ಕಟ್ಟೆ, ಕಟ್ಟೆಯ ಕೆಳಗೆ ನೂಲಿಗೆ ಬಣ್ಣ ಹಾಕಿ ಒಣಗಿಸುವ ಅಂಗಳ. ಬಣ್ಣದ ನೀರು ನಿಲ್ಲಬಾರದೆಂದು ಅಂಗಳವನ್ನು ಇಳಿಜಾರಾಗಿ ಮಾಡಿಸಿದ್ದೇನೆ. ಅವಳು ಕಟ್ಟೆಯ ಮೇಲೆ ಕುಳಿತು ಚೆಂಡು ಬಿಟ್ಟರೆ ಅದು ಉರುಳಿ ಬಿದಿರಿನ ಗಳಗಳ ಕೆಳಗೆ, ತೂಗಿದ ಹಸಿ ನೂಲಿನ ನಡುವೆ ಹೋಗಿ ನಿಲ್ಲುತ್ತಿತ್ತು. ಬಣ್ಣದ ಕೆಲಸಕ್ಕೆ ಬರುವ ಹೆಂಗಸರು ಬಗ್ಗಿ ಆರಿಸಿ ಕೊಡುತ್ತಿದ್ದರು. ಕೆಲವು ದಿನ ಹೀಗೆ ನಡೆಯಿತು. ಆಮೇಲೆ ನೋಡಿದರೆ ಚೆಂಡು ಮಡಿಲಲ್ಲೇ ಇರುತ್ತಿತ್ತು.

ಯಾಕೆ ಒಗೆಯುತ್ತಿಲ್ಲ ಎಂದು ಕೇಳಿದೆ.

“ನಾ ಒಗಿಯೂದು, ಮಂದಿ ಬಗ್ಗಿ ಆರಿಸಿ ಕೊಡೂದು. ಇದ್ಯಾವ ರಾಣಿ ಆಟ ರಿ? ನನ್ನ ಸಲುವಾಗಿ ಯಾರೂ ಬಗ್ಗೂದು ಬ್ಯಾಡ.”

ಹುಡುಗಿಯಾಗಿದ್ದಾಗಿನಿಂದ ಕಂಡಿಕೆ ಸುತ್ತಿ, ಬಗ್ಗಿಯೇ ಬದುಕಿದ ಹೆಂಗಸು ಅವಳು. ಮನುಷ್ಯರು ಬಗ್ಗುವುದು ಬೇಡವಾದರೆ ನಾಯಿ ಬಗ್ಗಲಿ ಎಂದು ನನಗೆ ಹೊಳೆಯಿತು. ನಾಯಿ ತಂದು ಕೊಟ್ಟರೆ ಅವಳು ಒಗೆಯುತ್ತಾಳೆ, ಒಗೆದರೆ ಕೈ ಬರುತ್ತದೆ. ಬೀಳಗಿಯಲ್ಲಿರುವ ಮಗಳಿಗೆ ಫೋನಿನಲ್ಲಿ ಹೇಳಿದೆ. ಜೋತು ಕಿವಿಯ ದಪ್ಪ ನಾಯಿಗಳು ಇರುತ್ತವಲ್ಲ, ಅವು ಹುಟ್ಟಾ ತಂದು ಕೊಡುತ್ತವೆ, ಅದನ್ನೇ ತಾ ಎಂದಳು. ಮುಧೋಳಕ್ಕೆ ಇಷ್ಟು ಹತ್ತಿರ ಇದ್ದುಕೊಂಡು ಬೇರೆ ಜಾತಿಯ ನಾಯಿ ತರುವುದೆಂದರೆ ಬನಹಟ್ಟಿಯಲ್ಲಿದ್ದು ಸೂರತ್ ಸೀರೆ ಉಡಿಸಿದ ಹಾಗೆ. ನಾನು ಕೇಳಲಿಲ್ಲ.

ಮುಧೋಳದ ಆಚೆ ರಸ್ತೆ ಬಿಟ್ಟು ಒಳಗೆ ಒಬ್ಬ ಕುರಿಗಾರ ಮುದುಕ ಇದ್ದಾನೆ. ಅವನ ಹತ್ತಿರ ವರ್ಷ ತುಂಬದ ಒಂದು ಗಂಡು ಇತ್ತು. ಜಿಂಕೆಯ ಬಣ್ಣ, ಬೆನ್ನಿಗೆ ಹತ್ತಿದ ಹೊಟ್ಟೆ, ಸಣ್ಣ ತಲೆ, ಉದ್ದ ಮೂತಿ. ನೋಡಿದ ಕೂಡಲೇ ಇದೇ ಎಂದು ಮನಸ್ಸು ಹೇಳಿತು. ಹಾಗಾಗಿ ಅದನ್ನು ಬಿಟ್ಟು ಉಳಿದ ನಾಯಿಗಳನ್ನೆಲ್ಲ ನೋಡಿದೆ. ಯಾಕೆ ಬೇಕು ಎಂದು ಮುದುಕ ಕೇಳಿದರೆ, ಸುಮ್ಮನೆ ಮನೆಗೆ ಇರಲಿ ಎಂದೆ.

“ಓಡತೈತ್ರಿ, ಹಿಡೀತೈತ್ರಿ” ಎಂದ ಅವನು. “ಹೊಳ್ಳಿ ತರೂದಿಲ್ಲ ಮತ್ತ. ತರೂದು ನಮ್ಮ ಕೆಲಸ.”

ನನಗೆ ಬೇಕಾಗಿದ್ದೇ ಇಂಥದೊಂದು ಐಬು. ಅರ್ಧ ಕೆಲಸ ಮಾಡುವ ನಾಯಿಗೆ ಅರ್ಧ ರೇಟು ಕಾಕಾ ಎಂದು ಅಲ್ಲೇ ಹಿಡಿದೆ. ಅವನೇನು ಹೆಚ್ಚು ಎಳೆಯಲಿಲ್ಲ. ಬೇಟೆ ಬಂದ್ ಆಗಿದೆ, ಓಡುವುದಾದರೂ ಎಲ್ಲಿ ಓಡುತ್ತವೆ ಎಂದು ಹಗ್ಗವನ್ನು ನನ್ನ ಕೈಗೆ ಕೊಟ್ಟ. ದಾರಿಯುದ್ದಕ್ಕೂ ನಾನು ಗೆದ್ದ ಲೆಕ್ಕದಲ್ಲಿದ್ದೆ. ಬಾಯಿ ಇದೆ, ಕಾಲು ಇದೆ, ತರುವುದನ್ನು ಕಲಿಸಿದರಾಯಿತು.

ಕಲಿಸುವವರಿಗೆ ಒಂದು ಮಾತು: ಬಯಲಿನಲ್ಲಿ ಶುರು ಮಾಡಬೇಡಿ. ನಾನು ಮಗ್ಗದ ಶೆಡ್ಡಿಗೂ ಕಂಪೌಂಡಿಗೂ ನಡುವಿನ ಸಂದಿಯಲ್ಲಿ ಶುರು ಮಾಡಿದೆ. ಒಂದು ಕಡೆ ಗೋಡೆ, ಇನ್ನೊಂದು ಕಡೆ ನಾನು. ಹೋದರೆ ನನ್ನ ಕಡೆಗೇ ಬರಬೇಕು. ಚೆಂಡು ಒಗೆದೆ. ನಾಯಿ ಬಾಣದ ಹಾಗೆ ಹೋಯಿತು. ಹೋಗಿ ಚೆಂಡಿನ ಆಚೆಗೊಂದು ಈಚೆಗೊಂದು ಮುಂಗಾಲು ಊರಿ, ತಲೆ ಎತ್ತಿ ನನ್ನನ್ನು ನೋಡುತ್ತ ನಿಂತಿತು. ತಾ ಎಂದೆ, ಪುಸಲಾಯಿಸಿದೆ, ಚಪ್ಪಾಳೆ ಹೊಡೆದೆ. ಕಿವಿ ಹಿಂದಕ್ಕೆ ಮಡಚಿಕೊಂಡಿತೇ ಹೊರತು ಬಾಯಿ ಕೆಳಗೆ ಹಾಕಲಿಲ್ಲ. ಉದ್ದ ದಾರ ಕಟ್ಟಿ ಎಳೆದೆ. ಬಂತು, ಚೆಂಡು ಬಿಟ್ಟು. ಬಾಯಿ ಬಿಡಿಸಿ ಚೆಂಡು ಒಳಗಿಟ್ಟೆ. ದವಡೆಯನ್ನು ಸಡಿಲ ಬಿಟ್ಟು ಬೀಳಿಸಿ, ದೂರ ಸರಿದು ನಿಂತು ನಡುಗಿತು.

ಕೊಟ್ಟು ಕೊಳ್ಳುವ ವ್ಯವಹಾರಕ್ಕೆ ಇಳಿದೆ. ಚೆಂಡು ತಂದರೆ ಹಾಲಲ್ಲಿ ಕಲಸಿದ ಜೋಳದ ರೊಟ್ಟಿ, ತಂದರೆ ಕೊಬ್ಬರಿ, ತಂದರೆ ಬೆಲ್ಲ. ನಮ್ಮದು ಲಿಂಗ ಕಟ್ಟಿದ ಮನೆ, ಬೇಟೆ ನಾಯಿಗೆ ಬೇಕಾದದ್ದು ನಮ್ಮ ಒಲೆಯ ಮೇಲೆ ಬೇಯುವುದಿಲ್ಲ. ಕೊನೆಗೆ ಚಹಾದ ಗೂಡಂಗಡಿಯಿಂದ ಬೇಯಿಸಿದ ಮೊಟ್ಟೆ ತಂದು, ಗೇಟಿನ ಹೊರಗೆ ನಿಂತು ಆಸೆ ಹಚ್ಚಿದೆ. ನಾಯಿ ಬಂದು ಮೊಟ್ಟೆ ತಿಂದಿತು, ಹೊಳ್ಳಿ ಹೋಗಿ ಚೆಂಡಿನ ಹತ್ತಿರ ನಿಂತಿತು. ಕೈ ತೊಳೆದುಕೊಂಡು ಒಳಗೆ ಬಂದರೂ ಹೆಂಡತಿಗೆ ವಾಸನೆ ಗೊತ್ತಾಯಿತು.

“ಈ ಮನಿಗೆ ತತ್ತಿ ಬಂತು” ಎಂದಳು. “ಚೆಂಡ ಮಾತ್ರ ಬರವಲ್ದು.”

ಲಕ್ವಾ ಹೊಡೆದ ಮೇಲೆ ಅವಳು ಆಡಿದ ಮೊದಲ ತಮಾಷೆ ಅದು. ನನಗೆ ನಗು ಬರಲಿಲ್ಲ. ಮಳೆಗಾಲ ಅರ್ಧ ಕಳೆದಿತ್ತು. ಅವಳ ಕೈ ಮಡಿಲಲ್ಲಿ ಬೇರೆ ಯಾರೋ ಇಟ್ಟು ಮರೆತು ಹೋದ ವಸ್ತುವಿನ ಹಾಗೆ ಬಿದ್ದಿರುತ್ತಿತ್ತು. ಒಂದು ಸಂಜೆ ನಾನು ಸಿಟ್ಟಿಗೆದ್ದು ಗಳದ ತುಂಡು ಎತ್ತಿದೆ. ನಮ್ಮ ಸೀಮೆಯಲ್ಲೇ ಅದರಷ್ಟು ಓಡುವ ಪ್ರಾಣಿ ಇಲ್ಲ. ಅದು ಓಡಲಿಲ್ಲ. ಕುತ್ತಿಗೆ ನೆಲಕ್ಕೆ ಚಾಚಿ, ಕಣ್ಣು ಮುಚ್ಚಿಕೊಂಡು ಮಲಗಿತು. ಪೆಟ್ಟು ಹೇಗೆ ತಿನ್ನಬೇಕೆಂದು ಅದಕ್ಕೆ ಮೊದಲೇ ಯಾರೋ ಕಲಿಸಿದ್ದರು. ನಾನು ಗಳ ಕೆಳಗಿಟ್ಟು ಮುದುಕನಿಗೆ ಫೋನು ಹಚ್ಚಿದೆ. ಚೆಂಡು ತರಲು ಕಲಿಸುತ್ತಿದ್ದೇನೆ ಎಂದು ಆಗ ಮೊದಲ ಸಲ ಹೇಳಿದೆ.

ಅದು ಕಲಿಯುವುದಿಲ್ಲ ಎಂದ ಅವನು.

“ಮರಿ ಇದ್ದಾಗ ಬಿದ್ದದ್ದಕ್ಕ ಬಾಯಿ ಹಾಕಿದ್ರ ಬಡೀತೇವ್ರಿ ನಾವು. ಇವತ್ತ ಬಾಯಾಗ ಎತ್ತಿದ ನಾಯಿ ನಾಳೆ ಮೊಲಾನ ತಿಂದ ಹಾಕತೈತಿ. ಬಿದ್ದಲ್ಲೆ ನಿಂತು ಕಾಯಬೇಕು. ಮನಶ್ಯಾ ಅಲ್ಲಿಗೆ ಹೋಗಬೇಕು.”

“ಬ್ಯಾಟಿನ ಇಲ್ಲ ಅಂದ ಮ್ಯಾಲ ಬಡಿಯೂದು ಯಾಕ ಕಾಕಾ?”

“ರೂಢಿ ರಿ. ಅಪ್ಪ ಮಾಡತಿದ್ದ, ನಾನೂ ಮಾಡತೇನಿ.”

ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ ಅವನು ನಕ್ಕ. “ತರೂದು ನಮ್ಮ ಕೆಲಸ ಅಂತ ಹೇಳೇನಲ್ರಿ ಸಾವಕಾರ್ರ. ನೀವು ಅದನ್ನ ರೇಟಿಗೆ ಹಚ್ಚಿದ್ರಿ.”

ಅವತ್ತು ಊಟಕ್ಕೆ ಕುಳಿತಾಗ ಹೆಂಡತಿಗೆ ಎಲ್ಲ ಹೇಳಿದೆ. ಇದನ್ನು ಹೊಳ್ಳಿ ಕೊಟ್ಟು ಮಗಳು ಹೇಳಿದ ಜಾತಿಯದನ್ನೇ ತರುತ್ತೇನೆ ಎಂದೆ. ಅವಳು ಎಡಗೈಯಲ್ಲಿ ರೊಟ್ಟಿ ಮುರಿಯುತ್ತ, ನಾಯಿ ಮಲಗಿದ್ದ ಮೂಲೆಯ ಕಡೆ ನೋಡುತ್ತಿದ್ದಳು.

ಮರುದಿನ ಮುಂಜಾನೆ ಹೆಂಗಸರು ಕೆಂಪು ನೂಲು ಅದ್ದಿ ಗಳಕ್ಕೆ ಹಾಕಿ ಚಹಾ ಕುಡಿಯಲು ಹೋಗಿದ್ದರು. ನಾನು ಕಟ್ಟೆಯ ಕೊನೆಗೆ ನಿಂತು ಫೋನಿನಲ್ಲಿ ಗಿರಾಕಿಯೊಬ್ಬನ ಜೊತೆ ಜಗ್ಗಾಡುತ್ತಿದ್ದೆ. ಹೆಂಡತಿ ಭುಜ ಅಲುಗಿಸಿ, ಸೋತ ಕೈಯ ಮಣಿಕಟ್ಟಿನಿಂದ ಚೆಂಡನ್ನು ಮಡಿಲಿನಾಚೆ ನೂಕಿದಳು. ಅದನ್ನು ಒಗೆಯುವುದು ಎನ್ನಲಾಗದು. ಚೆಂಡು ಕಟ್ಟೆ ಇಳಿದು, ಉರುಳಿ, ನೂಲಿನ ಕೆಳಗೆ ಹೋಯಿತು. ನಾಯಿ ಎದ್ದು ಹೋಗಿ ಅದರ ಮೇಲೆ ನಿಂತಿತು. ಮೇಲಿನಿಂದ ಕೆಂಪು ನೀರು ಅದರ ಬೆನ್ನ ಮೇಲೆ ತಟತಟ ಬೀಳುತ್ತಿತ್ತು. ಅದು ಮೈ ಕೊಡವಲಿಲ್ಲ, ಸರಿಯಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಚೆಂಡು ಎಲ್ಲಿಂದ ಬಂದಿತ್ತೋ ಆ ಮಡಿಲನ್ನೇ ನೋಡುತ್ತಿತ್ತು.

“ಅದರ ಮ್ಯಾಲ ಬಣ್ಣ ಬೀಳಾಕತ್ತೈತ್ರಿ” ಎಂದಳು.

ಬೇಸರವಾದರೆ ತಾನೇ ಬರುತ್ತದೆ ಎಂದು ನಾನು ಫೋನಿಗೆ ಕೈ ಅಡ್ಡ ಹಿಡಿದು ಹೇಳಿದೆ.

“ಬರಂಗಿಲ್ಲ. ಬಡದು ನಿಲ್ಲಿಸ್ಯಾರ ಅದನ್ನ.”

ಎಡಗೈಯಿಂದ ಗೋಡೆ ಹಿಡಿದು ಅವಳು ಎದ್ದಳು. ನಾನು ಹತ್ತಿರ ಹೋದರೆ ಕಣ್ಣಿನಲ್ಲೇ ತಡೆದಳು. ಗೋಡೆಯಿಂದ ಕಟ್ಟೆಯ ಕಂಬ, ಕಂಬದಿಂದ ಗಳ. ಬಲಗಾಲು ಎಳೆದ ಗೆರೆ ಹಸಿ ಅಂಗಳದಲ್ಲಿ ಉದ್ದಕ್ಕೆ ಮೂಡಿತು. ನೂಲಿನ ಕೆಳಗೆ ಬಗ್ಗಿ ಚೆಂಡು ತೆಗೆದುಕೊಂಡಳು. ಆಗ ನಾಯಿ ಅಲ್ಲಿಂದ ಸರಿಯಿತು. ಅವಳ ಸೆರಗೂ ಕೆಂಪಾಗಿತ್ತು. ಗಿರಾಕಿ ಫೋನಿನಲ್ಲಿ ಹಲೋ ಹಲೋ ಎನ್ನುತ್ತಲೇ ಇದ್ದ.

ನಾಯಿಯನ್ನು ಹೊಳ್ಳಿ ಕೊಡುವ ಮಾತು ಮತ್ತೆ ಬರಲಿಲ್ಲ. ದಿನವೂ ಅವಳು ಚೆಂಡು ನೂಕುವಳು, ನಾಯಿ ನಿಂತಲ್ಲಿಗೆ ನಡೆಯುವಳು. ಕಾಲಿಗೆ ಬಲ ಬಂತು. ನನ್ನ ಕಣ್ಣು ಮಾತ್ರ ಕೈಯ ಮೇಲಿತ್ತು. ಇವತ್ತು ಬೆರಳು ಆಡಿತೇನು, ಇವತ್ತು ಸ್ವಲ್ಪ ಎತ್ತಿದೆಯೇನು ಎಂದು ಕೇಳುವುದು ನನ್ನ ಕೆಲಸವಾಯಿತು. ದೀಪಾವಳಿಯ ಸುಮಾರಿಗೆ ಜಮಖಂಡಿಗೆ ಹೋದಾಗ ಆ ಹುಡುಗಿ ಒಂದೊಂದೇ ಬೆರಳು ಒತ್ತಿ ನೋಡಿದಳು. ಕಾಲು ಚಲೋ ಆಗಿದೆ, ನಡಿಗೆ ಬಿಡಬೇಡಿ ಎಂದಳು. ಕೈಯನ್ನು ಮೆಲ್ಲಗೆ ಹೊಳ್ಳಿ ಮಡಿಲಲ್ಲಿ ಇಟ್ಟಳು. ಬರುವಾಗ ನಾನು, ಬೇರೆ ಡಾಕ್ಟರ ಹತ್ತಿರ ತೋರಿಸೋಣ, ಬೇರೆ ಎಣ್ಣೆ ಹಚ್ಚೋಣ ಎಂದು ಮಾತು ತೆಗೆದೆ.

“ಕೈ ಕೇಳಿದ್ರಿ, ಕಾಲ ಸಿಕ್ತು” ಎಂದಳು. “ಇದರಾಗ ಚೌಕಾಶಿ ಇಲ್ಲ. ಸುಮ್ಮ ಕುಂದರ್ರಿ.”

ಎಳ್ಳಮಾವಾಸ್ಯೆ ಕಳೆದು ಚಳಿ ಇನ್ನೂ ಇರುವಾಗ ಎರಡನೇ ಸಲ ಹೊಡೆಯಿತು. ಆ ಕಾಲೂ ಹೋಯಿತು. ಮಾತೂ ಈಗ ಹಿಂದಿನಷ್ಟು ಇಲ್ಲ, ಬೇಕಾದದ್ದನ್ನು ಒಂದೊಂದೇ ಶಬ್ದದಲ್ಲಿ ಹೇಳುತ್ತಾಳೆ. ಅಂಗಳ ಕಾಣಬೇಕೆಂದು ಮಂಚವನ್ನು ಕಟ್ಟೆಯ ಮೇಲೆ ಹಾಕಿಸಿದ್ದೇನೆ. ಮನೆಯಲ್ಲಿ ಇಂಥ ರೋಗಿ ಇರುವವರು ಮಂಚವನ್ನು ಗೋಡೆಗೆ ಮುಖ ಮಾಡಿ ಹಾಕಬೇಡಿ, ಹೊರಗೆ ಏನಾದರೂ ಅಲುಗಾಡುವುದು ಕಾಣುವಂತೆ ಹಾಕಿರಿ. ಇಷ್ಟೇ ನಾನು ಕಲಿತದ್ದು.

ಚೆಂಡು ಅವಳ ಎಡಗೈ ಕೆಳಗೆ ಇರುತ್ತದೆ. ಅದು ಆಗಾಗ ಮಂಚದಿಂದ ಬಿದ್ದು, ಕಟ್ಟೆ ಇಳಿದು ಉರುಳಿ ಹೋಗುತ್ತದೆ. ನಾಯಿ ಹೋಗಿ ನಿಲ್ಲುತ್ತದೆ. ಮೊದಲ ದಿನ ನಾನು ಕುರ್ಚಿಯಲ್ಲೇ ಕುಳಿತಿದ್ದೆ. ಅವಳು ಬರುವುದಿಲ್ಲ ಎಂಬುದು ಅದಕ್ಕೆ ತಿಳಿಯಲಿ, ದಣಿದು ಬಂದು ಮಲಗಲಿ ಎಂದುಕೊಂಡೆ. ಬಿಸಿಲು ಗೋಡೆ ಇಳಿದು ಅಂಗಳಕ್ಕೆ ಬಂತು, ಅದರ ಬೆನ್ನ ಮೇಲೂ ಬಂತು. ಅದು ಮಂಚದ ಕಡೆ ನೋಡುತ್ತಲೇ ಇತ್ತು. ಹೆಂಗಸರು ಅದನ್ನು ಸುತ್ತು ಹಾಕಿ ನೂಲು ತಿರುವಿದರು, ಯಾರೂ ಚೆಂಡಿಗೆ ಕೈ ಹಾಕಲಿಲ್ಲ. ಯಾರೂ ಬಗ್ಗುವುದು ಬೇಡ ಎಂದು ಅವಳು ಹೇಳಿದ್ದು ಅವರಿಗೂ ಗೊತ್ತಿತ್ತೋ ಏನೋ.

“ಹೋಗ್ರಿ” ಎಂದಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೊಂದು ಶಬ್ದ ಬಂತು. “ನಿಂತೈತಿ.”

ನಾನು ಎದ್ದು ಹೋದೆ. ಮೊಣಕಾಲು ನನ್ನದೂ ಈಗ ಮೊದಲಿನಂತಿಲ್ಲ. ಗಳ ಹಿಡಿದು, ಹಸಿ ನೂಲಿನ ಕೆಳಗೆ ಬಗ್ಗಿ ಚೆಂಡು ತೆಗೆದೆ. ತಂದು ಅವಳ ಎಡಗೈಯಲ್ಲಿ ಇಟ್ಟು ಬೆರಳು ಮಡಿಸಿದೆ. ಈಗ ದಿನವೂ ಅದೇ. ಒಮ್ಮೊಮ್ಮೆ ನಾನು ಕುರ್ಚಿಗೆ ಹೊಳ್ಳಿ ಬರುವಷ್ಟರಲ್ಲಿ ಚೆಂಡು ಮತ್ತೆ ಅಂಗಳಕ್ಕೆ ಇಳಿದಿರುತ್ತದೆ. ಕೈಯಿಂದ ಜಾರಿತೋ, ಬೇಕೆಂದೇ ಬಿಟ್ಟಳೋ, ನಾನು ಕೇಳುವುದಿಲ್ಲ. ನಾಯಿ ಹೋಗಿ ನಿಂತಿರುತ್ತದೆ. ಗೋಡೆ ಹಿಡಿದು ಏಳುತ್ತೇನೆ.